ಅಡ್ಡಗೆರಿ

ವಡಗಾವಿಯ ಅಡ್ಡಗಲ್ಲ್ಯಾಗ ಎರಡು ಖೋಲಿ ಮನಿ.
ದೇವರ ಮಾಡದ ಬಾಜೂಕ, ಮೀಟರಿನ ಕೆಳಗ,
ಬೆಲ್ಲದ ಅಚ್ಚಿನಷ್ಟ ಒಂದು ಹಬ್ ಕುಂತೈತಿ,
ಹಸಿರು ಕಣ್ಣು ಪಿಳುಕಿಸಿಕೊಂತ.
ಮೋಟರ್ ಸುತ್ತುವ ಕೈ ನಂದು.
ತಾಮ್ರ ಬಲ್ಲೆ, ವಾರ್ನಿಶಿನ ವಾಸನಿ ಬಲ್ಲೆ.
ತಂತಿನ ಇಲ್ಲದ ಈ ವಿದ್ಯಾ ಕಲಿಯಾಕ
ಒಂದು ಮಳಿಗಾಲ ಪೂರಾ ಹಿಡೀತು.

ಅದರ ಹೊಟ್ಟ್ಯಾಗ ಕಣ್ಣಿಗೆ ಕಾಣದ ಡಬ್ಬಿ ಅದಾವು,
ಒಂದೊಂದಕ್ಕ ಒಂದು ಹೆಸರು, ಒಂದು ಬೆಲೆ.
ನೀರು: ಒಂದು ಅಂದ್ರ ಟಾಕಿ ತುಂಬೈತಿ.
ಅಂಗಳ: ಸೊನ್ನಿ ಅಂದ್ರ ದೀಪ ಆರೈತಿ.
ಅವ್ವ: ಎರಡು ಗುಳಿಗಿ ಆದುವು, ಇನ್ನ ಒಂದು.
ಊರಾಚೆ ನಿಂತು ಒಂದು ಸಾಲು ಕಳಿಸಿದ್ರ ಆತು,
ವಿಳಾಸ, ಕೀಲಿ, ಹೆಸರು, ಸಮ ಚಿಹ್ನಿ, ಅಂಕಿ.
ಡಬ್ಬಿ ಹಳೇದನ್ನ ಚೆಲ್ಲಿ ಹೊಸಾದು ಹಿಡೀತೈತಿ,
ತಿರುಗಿ ಅಂತೈತಿ: ಇನ್ನೂರು.
ಇನ್ನೂರು ಅಂದ್ರ ರೂಪಾಯಿ ಅಲ್ಲ.
ಮುಟ್ಟಿತು ಅಂತ ಅರ್ಥ.

ಮಹಾನಂದಾ ಬೈಲಹೊಂಗಲ ಬಸ್ಸಿನ ಕಂಡಕ್ಟರ್.
ಒಂದಿನ ರೊಟ್ಟಿ ಮುರಕೊಂತ ಅಂದ್ಲು:
‘ನನಗೂ ಒಂದು ಡಬ್ಬಿ ಮಾಡಿಕೊಡು.’
‘ಏನ ಹೆಸರಿಡ್ಲಿ?’
‘ಹೆಸರು ಬ್ಯಾಡ.’
‘ಏನು ಹತ್ತಬೇಕು, ಏನು ಆರಬೇಕು?’
‘ಹತ್ತೂದೂ ಬ್ಯಾಡ, ಆರೂದೂ ಬ್ಯಾಡ. ಸುಮ್ಮ ಇರಲಿ.’
ಹೆಸರಿಲ್ಲದ್ದನ್ನ ಯಂತ್ರ ಒಪ್ಪೂದಿಲ್ಲ.
ಒಂದು ಅಡ್ಡಗೆರಿ ಇಟ್ಟೆ, ಒಪ್ಪಿಕೊಂತು.
ಅಕಿ ಫೋನಿನ ಮ್ಯಾಲ ಒಂದು ಗುಂಡಿ ಕೂಡಿಸಿದೆ.

ಮೊದಲ ದಿನ, ಹನ್ನೊಂದು ಹತ್ತಕ್ಕ: ನಾಕು.
ಬಸ್ಸು ಹಿರೇಬಾಗೇವಾಡಿ ದಾಟಿರಬೇಕು.
ಮಧ್ಯಾಹ್ನ ಐದು. ಸಂಜೀಕ ಎರಡು.
ಮರುದಿನ ನಾಕು ಸಲ ಕಳಿಸ್ಯಾಳ,
ಸೊನ್ನಿ, ಸೊನ್ನಿ, ಸೊನ್ನಿ, ಸೊನ್ನಿ.
ಇದ್ದ ಸೊನ್ನಿ ಮ್ಯಾಲ ಮತ್ತ ಸೊನ್ನಿ ಬರಿಯೂದು ಯಾಕ?
ಚಿಲ್ಲರ ಜಗಳದ ಲೆಕ್ಕೇನು?
ಹೆಂಗಸರಿಗೆ ಹರಿಯೂ ಸೊನ್ನಿ ಟಿಕೀಟೇನು?
ಸೊಂಟದ ನೋವಿಗೆ ಹತ್ತರಾಗ ಎಷ್ಟು ಅಂತೇನು?
ಉದ್ಯಮಬಾಗದ ಅಂಗಡ್ಯಾಗ ಇಮ್ತಿಯಾಜ್ ಸುರುಳಿ ಸುತ್ತಿಕೊಂತ ಅಂದ:
‘ಕೇಳಿಬಿಡೋ ಮಾರಾಯಾ.’
ಕೇಳಲಿಲ್ಲ.
ಕೇಳೂದಕ್ಕಿಂತ ಖೊಟ್ಟಿ ಕೆಲಸ ಮಾಡಿದೆ:
ನಾಕು ದಾಟಿದ್ರ ಹೊಸ್ತಲ ದೀಪ ಹಳದಿ ಆಗ್ಲಿ ಅಂತ
ನಿಯಮ ಬರದೆ.

ಆ ರಾತ್ರಿ ಪಾವಟಿಗಿ ಹತ್ತಿದಾಕಿ
ಹಳದಿ ಬೆಳಕಿನ್ಯಾಗ ಒಂದು ಗಳಿಗಿ ನಿಂತಳು.
ತನ್ನ ಕೈ ತಾನ ನೋಡಿಕೊಂಡಳು.
ಏನೂ ಅನಲಿಲ್ಲ. ಪುಂಡಿಪಲ್ಯ ಉಂಡಳು, ಮಕ್ಕೊಂಡಳು.
ಮೂರು ದಿನ ಅಡ್ಡಗೆರಿ ತೆರೀಲಿಲ್ಲ.
ನೀರು ಬಂತು, ಅಂಗಳ ಆರಿತು, ಅವ್ವನ ಗುಳಿಗಿ ಮೂರಾತು,
ಅದೊಂದು ಡಬ್ಬಿ ಬಾಯಿ ಬಿಗಿಹಿಡಿದು ಕುಂತಿತ್ತು.
ನಾಕನೇ ರಾತ್ರಿ ನಿಯಮ ಅಳಿಸಿದೆ.
ತಂತಿ ಕಿತ್ತಿದ್ರ ಒಂದು ಕಿಡಿ ಆದರೂ ಹಾರ್ತಿತ್ತು.
ಮರುದಿನ ಹನ್ನೊಂದು ಹತ್ತಕ್ಕ: ಒಂದು.

ಮತ್ತ ಒಂದು ಬೇಸ್ತವಾರ, ಏಳು ಬಂತು.
ಅಷ್ಟು ದೊಡ್ಡದು ಎಂದೂ ಬಂದಿರಲಿಲ್ಲ.
ಅರ್ಧ ತಾಸಿಗೆ ಗಲ್ಲಿಯ ಕರೆಂಟ್ ಹೋತು,
ಮಗ್ಗಗಳೆಲ್ಲಾ ಒಮ್ಮೆಲೇ ಬಾಯಿ ಮುಚ್ಚಿದುವಂತ, ಅವ್ವ ಫೋನ್ ಮಾಡಿದಳು.
ತಿರುಗಿ ಬಂದಾಗ ಡಬ್ಬಿಗಳೆಲ್ಲಾ ಮರತು ಸೊನ್ನಿ.
ಅಂಗಡ್ಯಾಗ ನಿಂತು ನಾನ ಸಾಲು ಬರದೆ,
ವಿಳಾಸ, ಕೀಲಿ, ಅಡ್ಡಗೆರಿ, ಸಮ, ಏಳು.
ಬಳ್ಳು ಗುಂಡಿ ಮ್ಯಾಲ.
ಅದು ನನ್ನ ಏಳು ಅಲ್ಲ.
ಅಳಿಸಿದೆ.
ಹಬ್ಬಿಗೆ ಒಂದ ಮಾತು ಕಲಿಸಿದೆ:
ಇನ್ನ ಕರೆಂಟ್ ಹೋದ್ರೂ ಹಿಡಕೊಂಡಿರು.

ರಾತ್ರಿ ಬಂದು ಟಿಕೀಟ್ ಮಷಿನ್ನಿನ ಚೀಲ ಇಳಿಸಿ
‘ಮಧ್ಯಾಹ್ನ ಕರೆಂಟ್ ಹೋಗಿತ್ತೇನು?’ ಅಂದ್ಲು.
‘ಹೂಂ. ನಿನಗ ಹೆಂಗ ಗೊತ್ತಾತು?’
‘ಸಂಪಗಾಂವ್ಯಾಗ ಎರಡನೇ ಸಲ ಒತ್ತಿದೆ.
ಮನಿ ಓ ಅನಲಿಲ್ಲ,’
ಅಂತ ಹೇಳಿ ಮುಖ ತೊಳಿಯಾಕ ಹೋದ್ಲು.